ಬತ್ತಿ ನುಂಗಿದ ನಾಯಿ

ನಾಯಿ ತಿನ್ನಬಾರದ್ದನ್ನು ನುಂಗಿದರೆ ಮೊದಲು ಮಾಡಬೇಕಾದ್ದು ಒಂದೇ: ಏನು ನುಂಗಿತು, ಯಾವಾಗ ನುಂಗಿತು ಎಂದು ಡಾಕ್ಟರಿಗೆ ಹೇಳುವುದು. ಇದನ್ನು ನಾನು ಎರಡು ದಿನ ತಡವಾಗಿ ಕಲಿತೆ. ಅಷ್ಟರಲ್ಲಿ ಮಾಡಬಾರದ್ದನ್ನೆಲ್ಲ ಮಾಡಿ ಮುಗಿಸಿದ್ದೆ. ನಮ್ಮ ನಾಯಿ ಊಟ ಬಿಟ್ಟು ಮೂಲೆ ಹಿಡಿದಾಗ, ಅಜೀರ್ಣವಿರಬೇಕೆಂದು ಮೊಸರನ್ನ ಕಲಸಿ ತಿನ್ನಿಸಿದೆ. ಅದನ್ನೂ ಕಕ್ಕಿದಾಗ ಕಾರ್ಪೆಟ್ ಒರೆಸುತ್ತ ನಾಯಿಗೇ ಬೈದೆ.

ಆ ಚಳಿಗಾಲ ನನಗೆ ಎಲ್ಲವೂ ಸಾಕಾಗಿತ್ತು. ಗಂಡನಿಗೆ ಐದು ಗಂಟೆ ದಾರಿಯಾಚೆಯ ನೇಪರ್‌ವಿಲ್‌ನಲ್ಲಿ ಕೆಲಸ ಬಿದ್ದು, ನೋವೈ ಊರಿನ ನಮ್ಮ ಮನೆಗೆ ವಾರಕ್ಕೊಮ್ಮೆ ಬರುತ್ತಿದ್ದರು. ನಾನು ಬೆಳಗ್ಗೆ ಹಿಮ ಗೋರಿ ಕಾರು ತೆಗೆದು ಆಫೀಸಿಗೆ ಹೋದರೆ, ಸಂಜೆ ಬರುವಷ್ಟರಲ್ಲಿ ಮಾತಾಡುವ ತ್ರಾಣವೂ ಇರುತ್ತಿರಲಿಲ್ಲ. ಹಗಲೆಲ್ಲ ಮನೆಯಲ್ಲಿ ಮೈಸೂರಿನಿಂದ ಬಂದಿದ್ದ ಅತ್ತೆ ಮತ್ತು ನಾಯಿ. ಅತ್ತೆ ಮಡಿಯವರು, ನಾಯಿ ಹತ್ತಿರ ಬಂದರೆ ಸೆರಗು ಎತ್ತಿಕೊಂಡು ಸರಿಯುವವರು. ಇಬ್ಬರಿಗೂ ಆಗಿಬರುವುದಿಲ್ಲ ಎಂದೇ ತಿಳಿದಿದ್ದೆ.

ಮೂರನೆಯ ದಿನ ರಜೆ ಹಾಕಿ ನಾಯಿಯನ್ನು ಆಸ್ಪತ್ರೆಗೆ ಒಯ್ದೆ. ಅತ್ತೆ ತಾವಾಗಿಯೇ ಕೋಟು ಹಾಕಿಕೊಂಡು ಬಂದು ಕಾರಿನಲ್ಲಿ ಕೂತರು. ಎಕ್ಸ್‌ರೇಯಲ್ಲಿ ಕರುಳು ಉಬ್ಬಿರುವುದು ಕಂಡಿತೇ ಹೊರತು ಕಾರಣ ಕಾಣಲಿಲ್ಲ. ಕಾಲುಚೀಲ, ಆಟಿಕೆ, ದಾರ, ಮನೆಯಲ್ಲಿ ಏನಾದರೂ ಕಾಣೆಯಾಗಿದೆಯೇ ಎಂದು ಡಾಕ್ಟರಮ್ಮ ಕೇಳಿದರು. ಏನೂ ಇಲ್ಲ ಎಂದೆ. ಹಾಗಾದರೆ ನಾಳೆಯವರೆಗೆ ಕಾದು ನೋಡೋಣ ಎಂದರು.

ಅತ್ತೆಗೆ ಇಂಗ್ಲಿಷ್ ಅರ್ಥವಾಗುತ್ತದೆ. "ಕಾಯೋದು ಬೇಡ ಅಂತ ಹೇಳಮ್ಮ," ಎಂದರು, ನನ್ನ ಕಡೆ ನೋಡದೆ. "ಅವನು ಬತ್ತಿ ನುಂಗಿದಾನೆ. ನಾನೇ ಕೊಟ್ಟಿದ್ದು."

ದೇವರ ಮುಂದೆ ಉರಿದು ಉಳಿದ ತುಪ್ಪದ ಬತ್ತಿಗಳು. ಮೈಸೂರಿನಲ್ಲಿ ಅವನ್ನು ಗಿಡದ ಬುಡಕ್ಕೆ ಹಾಕುತ್ತಿದ್ದರು. ಇಲ್ಲಿ ಗಿಡವೆಲ್ಲ ಹಿಮದಡಿ. ಕಸದ ಬುಟ್ಟಿಗೆ ಎಸೆಯಲು ಮನಸ್ಸು ಒಪ್ಪಲಿಲ್ಲ. ನಾಯಿಗೋ ತುಪ್ಪವೆಂದರೆ ಪ್ರಾಣ. ದಿನಾ ಪೂಜೆ ಮುಗಿಯುವುದನ್ನೇ ಕಾಯುತ್ತ ಎದುರಿಗೆ ಕೂರುತ್ತಿತ್ತಂತೆ, ಇವರು ಮೇಲಿಂದ ಹಾಕುತ್ತಿದ್ದರಂತೆ. ನನಗೆ ಮೈಯೆಲ್ಲ ಉರಿಯಿತು. ಆದರೂ ಹಲ್ಲು ಕಚ್ಚಿ ಡಾಕ್ಟರಮ್ಮನಿಗೆ ಎಲ್ಲ ವಿವರಿಸಿದೆ. ಹತ್ತಿ ಎಕ್ಸ್‌ರೇಯಲ್ಲಿ ಕಾಣಿಸುವುದಿಲ್ಲ ಎಂದವರೇ ಆಪರೇಷನ್ನಿಗೆ ಎದ್ದರು.

ಮಧ್ಯಾಹ್ನ ಹೊರಬಂದು, ನಾಯಿ ಬದುಕಿಕೊಂಡಿತು, ನಾಳೆಯವರೆಗೆ ಕಾದಿದ್ದರೆ ಕಷ್ಟವಿತ್ತು ಎಂದರು. ಅತ್ತೆ ಅವರಿಗೆ ಕೈ ಮುಗಿದರು. ನಾಯಿಯನ್ನು ಅಲ್ಲೇ ಬಿಟ್ಟು ನಾವು ಮನೆಗೆ ಹೊರಟೆವು.

ಕಾರಿನಲ್ಲಿ ತಡೆಯಲಾಗಲಿಲ್ಲ. "ಮೊದಲ್ನೇ ದಿನಾನೇ ಯಾಕೆ ಹೇಳ್ಲಿಲ್ಲ ಅತ್ತೆ? ನಾಯಿ ತಾನೇ ಅಂತ ತಾತ್ಸಾರಾನಾ?"



"ಎರಡು ದಿನಾನೂ ಹೇಳೋಣ ಅಂತಾನೇ ಬಾಗ್ಲಲ್ಲಿ ನಿಂತಿದ್ದೆ ಕಣಮ್ಮ. ನಿನ್ನ ಮುಖ ನೋಡಿ ಧೈರ್ಯ ಬರ್ಲಿಲ್ಲ. ವಾಪಸ್ ಅಡುಗೆಮನೆಗೆ ಹೋದೆ."

ಆ ಎರಡೂ ಸಂಜೆ ಅವರು ಬಾಗಿಲಲ್ಲಿ ನಿಂತಿದ್ದುದು ನನಗೆ ಚೆನ್ನಾಗಿ ನೆನಪಿತ್ತು. ಕಾಫಿ ಬೇಕಾ ಎಂದು ಕೇಳಲು ನಿಂತಿದ್ದಾರೆ ಎಂದುಕೊಂಡು, ಬೇಡವೆಂದು ಕೈಯಾಡಿಸಿ ಮೆಟ್ಟಿಲು ಹತ್ತಿ ಹೋಗಿದ್ದೆ.