ಎಡಗಾಲಿನ ಅಳತೆ

ಮಾರ್ಗನ್ ಹಿಲ್‌ನಿಂದ ಫೋನು ಬಂದಾಗ ನನ್ನ ಗಂಡ ಹಿತ್ತಲಿನಲ್ಲಿ ಕರಿಬೇವಿನ ಗಿಡವನ್ನು ದೊಡ್ಡ ಕುಂಡಕ್ಕೆ ಬದಲಿಸುತ್ತಿದ್ದರು. ಫೋನು ಎತ್ತಿದ್ದು ನಾನು. ಆ ಕಡೆಯ ಹೆಂಗಸು, ಇವರ ಹಳೆಯ ಸಹೋದ್ಯೋಗಿಯ ಮಗಳು. ತಂದೆ ಚಳಿಗಾಲದಲ್ಲಿ ತೀರಿಕೊಂಡರು, ಜಮೀನು ಮಾರಾಟವಾಗಿದೆ, ಅಲ್ಲಿ ಮನೆಗಳು ಏಳುತ್ತವೆ, ತಗಡಿನ ಶೆಡ್ಡಿನಲ್ಲಿರುವ ನಿಮ್ಮ ಕಾರನ್ನು ತಿಂಗಳ ಕೊನೆಯೊಳಗೆ ತೆಗೆಸಬೇಕು ಎಂದಳು. ನಿಮ್ಮ ಯಜಮಾನರಿಗೆ ಆಗಲೇ ಒಮ್ಮೆ ಹೇಳಿದ್ದೆ, ಅವರು ಮತ್ತೆ ಫೋನು ಮಾಡಲೇ ಇಲ್ಲ ಎಂದೂ ಸೇರಿಸಿದಳು.

ನಾನು ಹಿತ್ತಲಿಗೆ ಹೋಗಿ ಕೇಳಿದೆ. ಅವರು ಮಣ್ಣಿನಿಂದ ಕಣ್ಣೆತ್ತಲಿಲ್ಲ.

"ಗೊತ್ತು. ಅಲ್ಲಿಂದಲೇ ಯಾರಿಗಾದರೂ ಮಾರಿಬಿಡ್ತೀನಿ."

"ನಿಮ್ಮ ತಮ್ಮ ಇಲ್ಲೇ ಇದ್ದಾನಲ್ಲ, ಒಂದು ಸಲ ನೋಡಲಿ."

"ಅವನಿಗ್ಯಾಕೆ ಸುಮ್ಮನೆ ತೊಂದರೆ?"

ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯಲ್ಲಿ ಮೈದುನನ ಮುಖ ಕಾಣಿಸಿತು. "ಯಾವ ಕಾರು ಅತ್ಗೆ? ನಂದಾ?"

ಆ ಕಾರು ತನ್ನದು ಎಂದು ಅವನು ತಿಳಿದಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮಂಡ್ಯದಲ್ಲಿ ನಮ್ಮ ಅತ್ತೆ ಬದುಕಿರುವವರೆಗೂ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ ಮಾತು ಅದು: ದೊಡ್ಡವನು ಚಿಕ್ಕವನಿಗಾಗಿ ಅಮೆರಿಕದಲ್ಲಿ ಕೈಯಾರೆ ಒಂದು ಕಾರು ಮಾಡಿ ಇಟ್ಟಿದ್ದಾನೆ. ಹಾಲಿನವನಿಗೂ ಹೇಳಿದ್ದರು, ಕೊನೆಗೆ ಆಸ್ಪತ್ರೆಯ ನರ್ಸುಗಳಿಗೂ ಹೇಳಿದರು. ಮೈದುನನಿಗೆ ಎರಡನೇ ವರ್ಷದಲ್ಲಿ ಪೋಲಿಯೋ ಆಗಿ ಎಡಗಾಲು ಸೊರಗಿದೆ. ಇವನು ಹೇಗೆ ಓಡಿಸುತ್ತಾನೆ ಎಂದು ಯಾರಾದರೂ ಕೇಳಿದರೆ ಉತ್ತರ ಅವನ ಬಳಿ ಸಿದ್ಧವಿರುತ್ತಿತ್ತು. "ನಮ್ಮಣ್ಣ ಇಂಜಿನಿಯರ್ರು. ಎಲ್ಲಾನೂ ಕೈಗೇ ಕೊಟ್ಟಿರ್ತಾನೆ."

ತಾಯಿಯನ್ನು ಕೊನೆಯವರೆಗೂ ನೋಡಿಕೊಂಡವನು ಅವನೇ. ಅವರು ಹೋದ ಮೇಲೆ, ನೌಕರಿಯಿಂದ ನಿವೃತ್ತನಾಗಿ, ಮೊದಲ ಬಾರಿಗೆ ನಮ್ಮ ಕ್ಯಾಂಪ್‌ಬೆಲ್ ಮನೆಗೆ ಬಂದಿದ್ದ. ಬಂದ ದಿನವೇ ಊಟ ಮಾಡುತ್ತಾ ನನಗೆ ಹೇಳಿದ್ದ: "ಒಂದು ರೌಂಡು ಓಡಿಸಿಬಿಟ್ರೆ ಸಾಕು ಅತ್ಗೆ. ಊರಿಗೋಗಿ ಅವ್ವನ ಫೋಟೋ ಮುಂದೆ ನಿಂತ್ಕಂಡು, ಓಡಿಸ್ದೆ ಕಣವ್ವ ಅಂತ ಒಂದು ಮಾತು ಯೋಳ್ಬೇಕು. ಅವಳೂ ಕಾದಳು ಪಾಪ." ಇವರು ಆಗ ಮಜ್ಜಿಗೆಗೆ ಉಪ್ಪು ಸಾಲದು ಎಂದು ಎದ್ದು ಹೋಗಿದ್ದರು.

ಆ ಕಾರನ್ನು ನಾನು ಮೊದಲು ನೋಡಿದ್ದು ಮದುವೆಯಾಗಿ ಇಲ್ಲಿಗೆ ಬಂದ ವಾರ. ಮೈಸೂರಿನ ಪತ್ರಿಕಾ ಕಚೇರಿಯ ಸುದ್ದಿಮೇಜಿನಿಂದ ನೇರವಾಗಿ ಸ್ಯಾನ್ ಹೋಸೆಯ ಅಪಾರ್ಟ್‌ಮೆಂಟಿಗೆ ಬಂದವಳು ನಾನು. ಹಾಟ್ ರಾಡ್ ಎಂದರೆ ಏನೆಂದು ತಿಳಿದಿರಲಿಲ್ಲ. ಹಳೆಯ ಕಾಲದ ಒಂದು ಕಾರಿನ ಗುಜರಿ ದೇಹ ತಂದು, ಚಾವಣಿಯನ್ನು ಕತ್ತರಿಸಿ ತಗ್ಗಿಸಿ, ದೊಡ್ಡ ಇಂಜಿನ್ ಕೂರಿಸಿ, ತಮಗೆ ಬೇಕಾದ ಹಾಗೆ ಬೆಸೆದುಕೊಳ್ಳುವ ಹವ್ಯಾಸ ಅದು. ಇವರು ಕೆಲಸ ಮಾಡುತ್ತಿದ್ದ ಯಂತ್ರದ ಕಾರ್ಖಾನೆಯಲ್ಲಿ ಮಾರ್ಗನ್ ಹಿಲ್‌ನ ಆ ಅಮೆರಿಕನ್ ಗೆಳೆಯನಿಗೆ ಅದರ ಹುಚ್ಚಿತ್ತು, ಇವರಿಗೂ ಹತ್ತಿತು. ಬಣ್ಣ ಮಾತ್ರ ಇವರದೇ ಆಯ್ಕೆ: ಕಬ್ಬಿನ ಗರಿಯ ಹಸಿರು. "ತಮ್ಮನಿಗೆ ಅಂತ ಮಾಡಿದ್ದು," ಎಂದು ತೋರಿಸಿದರು. ನನ್ನನ್ನು ಅದರಲ್ಲಿ ಕೂರಿಸಲಿಲ್ಲ. ಸ್ವಲ್ಪ ದಿನದಲ್ಲೇ ಕಾರು ಮಾರ್ಗನ್ ಹಿಲ್‌ನ ಶೆಡ್ಡಿಗೆ ಹೋಯಿತು. ಸಂಸಾರ ಬಂತು, ಜಾಗ ಸಾಲದಾಯಿತು ಎಂದು ನಾನು ತೀರ್ಮಾನಿಸಿದೆ. ಇಷ್ಟು ವರ್ಷ ಅದನ್ನೇ ನಂಬಿದ್ದೆ. ನಡೆದದ್ದನ್ನು ಕಂಡಿದ್ದೆ, ಕಾರಣವನ್ನು ವಿಚಾರಿಸಿರಲಿಲ್ಲ.

ಮೂವರೂ ಹೊರಟೆವು. ಫ್ರೀವೇಯಲ್ಲಿ ಮೈದುನ ಮುಂದಿನ ಸೀಟಿನಲ್ಲಿ ಕೂತು ಒಂದೇ ಸಮನೆ ಮಾತಾಡಿದ. ಊರಿನಲ್ಲಿ ಅವನದು ಪಕ್ಕದ ಚಕ್ರ ಜೋಡಿಸಿದ ಸ್ಕೂಟರು.

"ನಾಕು ಚಕ್ರದ್ದು ನನಗೇನು ಹೊಸದಲ್ಲಣ್ಣ. ನನ್ನ ಸ್ಕೂಟರ್ರಿಗೂ ನಾಕೇ."

"ಇಂಜಿನ್ ಸತ್ತೋಗಿರ್ತದೆ," ಎಂದರು ಇವರು. ತಮ್ಮನ ಜೊತೆ ಮಾತಾಡುವಾಗ ಇವರ ಕನ್ನಡ ತಾನಾಗಿ ಮಂಡ್ಯಕ್ಕೆ ಹೋಗಿಬಿಡುತ್ತದೆ.

"ಸತ್ತಿದ್ರೆ ನೀನು ತಳ್ಳು. ನಾನು ಸ್ಟೀರಿಂಗ್ ತಿರುಗಿಸ್ತೀನಿ. ಚಿಕ್ಕವನಿದ್ದಾಗ ನನ್ನ ಗಾಡೀಲಿ ಕೂರ್ಸಿ ಬಸ್‌ಸ್ಟ್ಯಾಂಡ್‌ಗಂಟ ತಳ್ಳಿಲ್ವಾ?"

"ಆಗ ನೀನು ಕೋಳಿಮರಿ ಇದ್ದಂಗಿದ್ದೆ. ಈಗ ಹೊಟ್ಟೆ ನೋಡ್ಕೊ."

ಇಬ್ಬರೂ ನಕ್ಕರು. ಅವತ್ತು ಇವರು ನಕ್ಕಿದ್ದು ಅದೊಂದೇ ಸಲ.

ಶೆಡ್ಡಿನ ಬೀಗ ತೆಗೆದುಕೊಟ್ಟು ಆ ಹೆಂಗಸು ಮನೆಯೊಳಗೆ ಹೋದಳು. ಒಳಗೆ ಹಳೆಯ ಗ್ರೀಸಿನ ವಾಸನೆ, ಇಲಿಗಳು ಕಡಿದು ಹಾಕಿದ ಹತ್ತಿಯ ಚೂರು. ಇವರು ಹೊದಿಕೆಯನ್ನು ಹಿಂದಿನಿಂದ ಮುಂದಕ್ಕೆ ನಿಧಾನವಾಗಿ ಎಳೆದರು. ಟಯರುಗಳು ನೆಲಕ್ಕೆ ಅಂಟಿದ್ದವು. ಹಸಿರು ಮಾತ್ರ ಧೂಳಿನ ಕೆಳಗೆ ಹಾಗೇ ಇತ್ತು. ಮೈದುನ ಊರುಗೋಲನ್ನು ಕಂಕುಳಲ್ಲಿ ಒತ್ತಿ ಹಿಡಿದು, ಅಂಗೈಯಿಂದ ಬಾನೆಟ್ಟಿನ ಮೇಲೆ ಒಂದಷ್ಟು ಜಾಗ ಒರೆಸಿದ.

"ಅಯ್ಯೋ, ನಮ್ಮ ಗದ್ದೆ ಕಣಣ್ಣ ಇದು!"

ಇವರು ಬಾಗಿಲು ತೆರೆದು ಮೊದಲು ಸ್ಟೀರಿಂಗಿಗೆ ಕೈ ಹಾಕಿದರು. ಅದರ ಕಂಬಕ್ಕೆ ಎರಡು ದಾರ ಸುತ್ತಿತ್ತು, ಅದನ್ನು ಬಿಚ್ಚುತ್ತಿದ್ದರು. ಗಂಟು ಬಿಗಿದುಕೊಂಡಿತ್ತು.

"ಅದೇನು, ಮಂತ್ರಿಸಿದ ದಾರವಾ?"

"ಏನಿಲ್ಲ ಬುಡು, ಹಳೇದು."

"ಹಂಗಾದ್ರೆ ಇರ್ಲಿ ಬುಡು, ಅತ್ಲಾಗೆ ಸರ್ಕೊ ನೀನು." ಮೈದುನ ಅಣ್ಣನನ್ನು ಪಕ್ಕಕ್ಕೆ ತಳ್ಳಿದ. ಸೀಟಿಗೆ ಬೆನ್ನು ಮಾಡಿ ಕೂತು, ತಗ್ಗಿದ ಚಾವಣಿಯ ಕೆಳಗೆ ತಲೆ ಬಗ್ಗಿಸಿ ತಿರುಗಿದ. ಬಲಗಾಲು ತಾನೇ ಒಳಗೆ ಹೋಯಿತು. ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡ. ನಾನು ಫೋನಿನಲ್ಲಿ ಫೋಟೋ ತೆಗೆಯಲು ನಿಂತೆ.

ಅವನು ಎಡಗೈಯಿಂದ ಸ್ಟೀರಿಂಗಿನ ಸುತ್ತ ಏನನ್ನೋ ಹುಡುಕಿದ. ಬಲಗೈಯಿಂದ ಸೀಟಿನ ಬದಿಯಲ್ಲಿ ತಡಕಿದ. ಆಮೇಲೆ ಕೆಳಗೆ ನೋಡಿದ. ನೆಲದಲ್ಲಿ ಊರಿನ ಕಾರುಗಳಲ್ಲಿ ಇರುವ ಹಾಗೆ ಮೂರು ಪೆಡಲುಗಳಿದ್ದವು. ಕ್ಲಚ್ಚು ಎಡಗಾಲಿನ ಕಡೆ. ಅವನ ಎಡಗಾಲಿನ ಶೂಗೂ ಕ್ಲಚ್ಚಿಗೂ ನಡುವೆ ನಾಲ್ಕು ಬೆರಳಿನಷ್ಟು ಖಾಲಿ ಜಾಗ.

"ಸೀಟು ಒಸಿ ಮುಂದಕ್ಕೆ ಎಳಿ."

"ಅದು ಜರುಗಲ್ಲ. ಬೆಸುಗೆ ಹಾಕಿದೀನಿ."

"ಯಾರ ಅಳತೆಗೆ?"

"ನಿಂದೇ."

ಮೈದುನ ಈಗ ಆ ದಾರಗಳನ್ನು ನೋಡಿದ. ತಾನೇ ಬಿಚ್ಚಿದ, ಅವನ ಬೆರಳಿಗೆ ಗಂಟು ಬೇಗ ಸಡಿಲಿತು. ಎರಡೂ ಬಿಳಿ ನೂಲು. ಒಂದೊಂದರಲ್ಲೂ ಮೂರು ಗಂಟು, ಗಂಟಿನ ಮೇಲೆ ಅರಿಸಿನದ ಕಲೆ. ಒಂದನ್ನು ಬಲತೊಡೆಯ ಮೇಲೆ ಇಟ್ಟು ಎಳೆದ. ಸೊಂಟ, ಮಂಡಿ, ಹಿಮ್ಮಡಿ, ಮೂರು ಗಂಟೂ ಸರಿಯಾಗಿ ಕೂತವು. ಇನ್ನೊಂದನ್ನು ಎಡಗಾಲಿನ ಮೇಲೆ ಇಟ್ಟ. ಮಂಡಿಯ ಗಂಟು ಮಂಡಿಯನ್ನು ದಾಟಿ ಹೋಯಿತು, ಹಿಮ್ಮಡಿಯ ಗಂಟು ನೆಲದ ಮೇಲೆ ಬಿದ್ದಿತ್ತು.

"ಇದು ಅವ್ವಂದು," ಎಂದ.

"ಊರಿಂದ ಬರೋರ ಕೈಲಿ ಕಳಿಸಿದ್ಲು. ಎರಡೂ ಕಾಲು ಬೇರೆ ಬೇರೆ ಅಳೆದು ಕಳ್ಸವ್ವ ಅಂದಿದ್ದೆ. ಎರಡೂ ಒಂದೇ ಇತ್ತು." ಇವರು ಕಾರಿನ ಹೊರಗೆ ನಿಂತು, ಚಾವಣಿಯ ಮೇಲೆ ಕೈ ಇಟ್ಟುಕೊಂಡು, ಎದುರಿನ ತಗಡಿಗೆ ಹೇಳುವವರಂತೆ ಹೇಳಿದರು. "ಆಪರೇಷನ್ ಆಗಿತ್ತಲ್ಲ ನಿಂಗೆ. ಸರ್ಯಾಗೋಯ್ತು ಅಂತ ಅವಳೂ ಫೋನಲ್ಲಿ ಅಂದಿದ್ಲು. ನಾನು ಕುಣಿದುಬಿಟ್ಟೆ ಅವತ್ತು."

ಆಪರೇಷನ್ನಿಗೆ ದುಡ್ಡು ಕಳಿಸಿದ್ದು ಇವರೇ. ಮೊದಲ ಸಂಬಳಗಳೆಲ್ಲ ಅದಕ್ಕೆ ಹೋಗಿದ್ದವು ಎಂದು ಅತ್ತೆ ನನ್ನ ಬಳಿ ಹಲವು ಸಲ ಹೇಳಿದ್ದರು. ಆ ಆಪರೇಷನ್ನಿನಿಂದ ಏನಾಯಿತು ಎನ್ನುವುದನ್ನು ಮಾತ್ರ ಯಾವತ್ತೂ ಹೇಳಿರಲಿಲ್ಲ.

"ಎರಡು ಸಲಾನೂ ಈ ಕಾಲನ್ನೇ ಅಳೆದ್ಲು." ಮೈದುನ ಬಲತೊಡೆಯನ್ನು ತಟ್ಟಿದ. "ಜ್ಞಾಪಕ ಅದೆ ನಂಗೆ. ಕಂಬಕ್ಕೆ ಒರಗಿಸಿ ನಿಲ್ಸಿದ್ಲು. ಇದ್ಯಾಕವ್ವ ಮತ್ತೆ ಇದೇ ಕಾಲು ಅಂದೆ. ಸುಮ್ಕೆ ನಿಂತ್ಕೊ ಅಂದ್ಲು. ಪ್ಯಾಂಟು ಒಲ್ಸಾಕೆ ಅಂದ್ಕಂಡೆ."

ಶೆಡ್ಡಿನ ಚಾವಣಿಯ ಮೇಲೆ ಯಾವುದೋ ಹಕ್ಕಿ ನಡೆದಾಡುತ್ತಿತ್ತು. ಮೈದುನ ಎರಡೂ ದಾರಗಳನ್ನು ಬೆರಳಿಗೆ ಸುತ್ತುತ್ತಾ ಕೂತ.

"ನಿನ್ನ ಮದ್ವೆಗೆ ಬಂದೆಯಲ್ಲ. ಬಸ್‌ಸ್ಟ್ಯಾಂಡಿಗೆ ನಾನೇ ಬಂದಿದ್ದೆ. ಕಾಲು ನೋಡ್ದಲ್ಲ ಆವಾಗ?"

"ನೋಡ್ದೆ."

"ಆಮೇಲೆ?"

"ಆಮೇಲೆ ವಾಪಸ್ ಬಂದು, ಇಲ್ಲಿ ತಂದು ನಿಲ್ಲಿಸ್ದೆ."

ನಾನು ಫೋನನ್ನು ಕೆಳಗಿಳಿಸಿದೆ. ಕಾರು ಇಲ್ಲಿಗೆ ಬಂದದ್ದು ನನ್ನ ಸಂಸಾರದ ಪಾತ್ರೆಪಗಡಕ್ಕೆ ಜಾಗ ಮಾಡುವುದಕ್ಕಲ್ಲ.

"ಮಿಷನ್ನು ಮಾಡೋನು ನೀನು," ಮೈದುನನ ದನಿ ಏರಿರಲಿಲ್ಲ. "ಒಂದು ಸರಳು ಬಗ್ಗಿಸಿ ಕೈಗೆ ಕೊಡಾಕೆ ಎಷ್ಟೊತ್ತಾಯ್ತಿತ್ತಣ್ಣ? ನಮ್ಮೂರ ಗ್ಯಾರೇಜಿನೋನು ನನ್ನ ಸ್ಕೂಟರ್ರಿಗೆ ಒಂದು ಮಧ್ಯಾಹ್ನದಲ್ಲಿ ಮಾಡಿಕೊಟ್ಟ."

"ಮಾಡ್ಬೇಕಂದ್ರೆ ಅವ್ವನ್ನ ಕೇಳ್ಬೇಕಾಯ್ತಿತ್ತು. ಯಾಕಿಂಗೆ ಮಾಡ್ದೆ ಅಂತ."

"ನನ್ನ ಕೇಳ್ಬೋದಿತ್ತು."

ಇವರು ಕೆಳಗೆ ಬಿದ್ದಿದ್ದ ಹೊದಿಕೆಯನ್ನು ಮಡಚತೊಡಗಿದರು. ಮೈದುನ ನನ್ನ ಕಡೆ ತಿರುಗಿ, "ಅತ್ಗೆ, ಆ ಕೋಲು ಕೊಡಿ ಇತ್ಲಾಗೆ," ಎಂದ. ಹಿಂದಿರುಗುವಾಗ ಅವನು ಹಿಂದಿನ ಸೀಟಿನಲ್ಲಿ ಕೂತ.

ಎರಡು ದಿನದ ಮೇಲೆ ಟ್ರಕ್ಕಿನಲ್ಲಿ ಕಾರು ನಮ್ಮ ಗ್ಯಾರೇಜಿಗೆ ಬಂತು. ಕೊಳ್ಳಲು ಒಬ್ಬರು ಸಿಕ್ಕಿದ್ದರು, ರೆಡ್‌ವುಡ್ ಸಿಟಿಯವರು, ಹಳೆಯ ಕಾರುಗಳ ಹುಚ್ಚಿನವರು. ಶನಿವಾರ ಬೆಳಿಗ್ಗೆ ಬರುತ್ತೇವೆಂದಿದ್ದರು. ಮನೆಯಲ್ಲಿ ಅಣ್ಣತಮ್ಮಂದಿರು ಜಗಳವಾಡಲಿಲ್ಲ. ಊಟಕ್ಕೆ ಕೂತರೆ ಒಬ್ಬರಿಗೊಬ್ಬರು ಅನ್ನ ಬಡಿಸಿಕೊಂಡರು, ಊರಿನ ನಾಲೆಯಲ್ಲಿ ನೀರು ಬಿಟ್ಟರಂತೆ ಎಂದು ಮಾತಾಡಿಕೊಂಡರು. ದಾರದ ಉಂಡೆ ಮೈದುನನ ಹಾಸಿಗೆಯ ಪಕ್ಕದ ಮೇಜಿನ ಮೇಲೆ, ಮಾತ್ರೆಯ ಡಬ್ಬಿಯ ಹತ್ತಿರ ಇತ್ತು.

ಶುಕ್ರವಾರ ಗ್ಯಾರೇಜಿನಿಂದ ಗರಗಸದ ಸದ್ದು ಬಂತು. ನಾನು ಹುಳಿಗೆ ಬೇಳೆ ಇಟ್ಟಿದ್ದೆ, ಮೈದುನ ಅಡುಗೆಮನೆಯ ಮೇಜಿನ ಬಳಿ ಬೆಳ್ಳುಳ್ಳಿ ಬಿಡಿಸುತ್ತಿದ್ದ. ಬಾಗಿಲ ಸಂದಿನಿಂದ ನೋಡಿ ಬಂದು ಹೇಳಿದೆ: ಇವರು ಬೇಲಿಯ ಹಳೆಯ ಹಲಗೆ ಕುಯ್ದು, ಕ್ಲಚ್ಚಿನ ಪೆಡಲಿಗೆ ಕೂರಿಸಲು ಒಂದು ದಪ್ಪ ತುಂಡು ಮಾಡುತ್ತಿದ್ದಾರೆ.

ಮೈದುನನ ಕೈ ನಿಂತಿತು.

"ಎಷ್ಟು ದಪ್ಪ?"

"ನಾಲ್ಕು ಬೆರಳು."

ಅವನು ಮತ್ತೆ ಬೆಳ್ಳುಳ್ಳಿ ಎತ್ತಿಕೊಂಡ. "ಆವಾಗಾದ್ರೆ ಒತ್ತುತಿದ್ದೆ. ಆಗ ಒಸಿ ಕಸುವಿತ್ತು ಈ ಕಾಲಲ್ಲಿ. ಈಗೇನೂ ಇಲ್ಲ ಅತ್ಗೆ, ಬಟ್ಟೆ ತೂಗಾಕಿದಂಗೆ ತೂಗ್ತದೆ. ಆಗ್ಲೇ ಐದಾರು ವರ್ಷ ಆಯ್ತು."

"ಅವರಿಗೆ ಹೇಳ್ಲಾ?"

"ಈಗ್ಲೂ ಕೇಳ್ಲಿಲ್ಲ ನೋಡಿ ನನ್ನ." ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದ. "ಬ್ಯಾಡಿ. ಕುಯ್ಯಲಿ."

ಗರಗಸ ನಿಂತು, ಉಜ್ಜುಕಾಗದದ ಸದ್ದು ಶುರುವಾಯಿತು. ತುಂಬ ಹೊತ್ತು ಉಜ್ಜುತ್ತಿದ್ದರು. ಪೆಡಲಿನ ಮೇಲೆ ಕೂರುವ ತುಂಡಿಗೆ ಅಷ್ಟು ನಯ ಬೇಕಿರಲಿಲ್ಲ.

ಶನಿವಾರ ತಿಂಡಿಯಾದ ಮೇಲೆ ಇವರು ತಮ್ಮನ ಕೋಣೆಯ ಬಾಗಿಲಿಗೆ ಬಂದು, "ಬಾ ಒಂದ್ನಿಮಿಷ," ಎಂದರು. ಮೈದುನ ಊರಿನಿಂದ ತಂದ ಒಳ್ಳೆಯ ಅಂಗಿ ಹಾಕಿಕೊಂಡಿದ್ದ. ಗ್ಯಾರೇಜಿನಲ್ಲಿ ಕಾರನ್ನು ತೊಳೆದಿಟ್ಟಿದ್ದರು. ಅವನು ಮೊದಲಿನ ಹಾಗೆಯೇ ಬೆನ್ನು ಮಾಡಿ ಕೂತು ತಿರುಗಿದ, ಎಡಗಾಲನ್ನು ಎತ್ತಿ ಒಳಗಿಟ್ಟ. ಶೂ ಮರದ ತುಂಡಿನ ಮೇಲೆ ಕೂತಿತು. ಇವರು ಬಾಗಿಲ ಬದಿಗೆ ಮಂಡಿಯೂರಿ ಒಳಗೆ ಬಗ್ಗಿದರು.

"ಮುಟ್ತಾ?"

"ಮುಟ್ತು."

"ಒತ್ತು ಈಗ."

ಮೈದುನ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಎದುರಿನ ಗೋಡೆಗೆ ನೇತುಹಾಕಿದ್ದ ಏಣಿಯನ್ನು ನೋಡುತ್ತಿದ್ದ.

"ಒತ್ತು, ಎದುರ್ಕೋಬ್ಯಾಡ. ಗಟ್ಟಿಯಾಗಿ ಕೂರ್ಸಿದೀನಿ."

"ಮುಟ್ತು ಅಂದ್ನಲ್ಲಣ್ಣ."

ಇವರು ಅವನ ಮುಖ ನೋಡಲಿಲ್ಲ. ಕಾಲನ್ನೇ ನೋಡುತ್ತಿದ್ದರು. ನಂತರ ಕೈ ಚಾಚಿ ಶೂವಿನ ಮೇಲೆ ಅಂಗೈ ಇಟ್ಟರು.

"ಏ, ಕಾಲು ಮುಟ್ಬ್ಯಾಡ. ದೊಡ್ಡೋನು ನೀನು."

"ಸುಮ್ಕಿರ್ಲಾ."

ಭುಜದ ಭಾರ ಬಿಟ್ಟು ಒತ್ತಿದರು. ಪೆಡಲು ಕಿರುಗುಟ್ಟಿ ಕೆಳಗೆ ಹೋಯಿತು. ಅಲ್ಲೇ ಹಿಡಿದುಕೊಂಡಿದ್ದರು, ತೋಳು ನಡುಗುವವರೆಗೂ. ಕೈ ಸಡಿಲಿಸಿದ ಕೂಡಲೇ ಪೆಡಲು ರಪ್ಪನೆ ಮೇಲೆ ಬಂತು; ಕಾಲು ತುಂಡಿನಿಂದ ಜಾರಿ ಪಕ್ಕಕ್ಕೆ ಬಿತ್ತು. ಅದನ್ನು ಎತ್ತಿ ಮತ್ತೆ ಇಡಲು ಇಬ್ಬರೂ ಹೋಗಲಿಲ್ಲ.

"ಅವ್ವನಿಗೆ ಏನಂತ ಯೋಳ್ತೀಯ?" ಇವರು ಮಂಡಿಯೂರಿದ ಹಾಗೆಯೇ ಕೇಳಿದರು.

ಮೈದುನ ಸ್ಟೀರಿಂಗಿನಿಂದ ಕೈ ತೆಗೆದ.

"ಕೂತಿದ್ದೆ ಅಂತೀನಿ."

ಹೊರಗೆ ಡ್ರೈವ್‌ವೇಯಲ್ಲಿ ಒಂದು ಗಾಡಿ ಬಂದು ನಿಂತಿತು. ಅವನನ್ನು ಆ ತಗ್ಗಿದ ಚಾವಣಿಯ ಕೆಳಗಿನಿಂದ ಇಳಿಸಲು ನಾವಿಬ್ಬರೂ ಬೇಕಾಯಿತು.