ಪರೀಕ್ಷೆ ಇದ್ದ ಮನೆ

ಪುಣೆಯ ಕೋಥರೂಡದ ನಮ್ಮ ಮನೆಗೆ ಬೀಗ ಹಾಕಿದ್ದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇ ಇಲ್ಲ. ಎರಡನೇ ಮಹಡಿಯಲ್ಲಿ ಹೊರಗಿನದೊಂದು ಕೋಣೆ, ಒಳಗಿನದೊಂದು ಕೋಣೆ, ಒಂದು ಅಡುಗೆಮನೆ. ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ ಮತ್ತು ನಾನು. ಇದು ರೇಷನ್ ಕಾರ್ಡಿನ ಪ್ರಕಾರ. ಧಾರವಾಡದಿಂದ ಬಾಗಲಕೋಟೆಯವರೆಗೆ ಹರಡಿಕೊಂಡಿದ್ದ ನಮ್ಮ ಬಳಗದ ಪ್ರಕಾರ ಪುಣೆ ಎಂದರೆ ನಮ್ಮ ಹೊರಗಿನ ಕೋಣೆ. ಮದುವೆ ಸೀರೆಗೆಂದು ಲಕ್ಷ್ಮಿ ರೋಡಿಗೆ ಬಂದವರು, ಮೊಣಕಾಲು ತೋರಿಸಲು ದೊಡ್ಡ ಡಾಕ್ಟರರ ಹತ್ತಿರ ಬಂದವರು, ಆಳಂದಿಯ ಯಾತ್ರೆಗೆ ಹೊರಟವರು, ಇಂಟರ್‌ವ್ಯೂಗೆ ಬಂದು ಕೆಲಸ ಸಿಗದೆ ಮುಂದಿನ ಇಂಟರ್‌ವ್ಯೂ ತನಕ ಉಳಿದವರು, ಎಲ್ಲರೂ ಬೆಳಗಿನ ಬಸ್ಸಿನಿಂದ ಇಳಿದು, ನಳಕ್ಕೆ ನೀರು ಬರುವ ಹೊತ್ತಿಗೆ ಸರಿಯಾಗಿ ನಮ್ಮ ಗಂಟೆ ಒತ್ತುತ್ತಿದ್ದರು. ಕೈಯಲ್ಲಿ ಕರದಂಟಿನ ಡಬ್ಬಿ ಇರುತ್ತಿತ್ತು. ಅದನ್ನು ಅವ್ವನ ಕೈಗೆ ಕೊಟ್ಟರೆ ಮುಂದಿನ ಊಟ, ಸ್ನಾನ, ಹಾಸಿಗೆ ಎಲ್ಲವೂ ಚುಕ್ತಾ ಆದಂತೆ.

ಬರಬೇಡಿ ಎನ್ನುವ ಮಾತು ನಮ್ಮ ಕಡೆಯವರ ಬಾಯಲ್ಲಿ ಹೊರಡುವುದಿಲ್ಲ. ಹೊರಟರೂ ಪ್ರಯೋಜನವಿಲ್ಲ. ಜ್ವರ ಬಂದಿದೆ ಎಂದರೆ ಆರೈಕೆ ಮಾಡಲು ಬರುತ್ತಾರೆ. ಊರಿಗೆ ಹೋಗುತ್ತಿದ್ದೇವೆ ಎಂದರೆ ಕೀಲಿಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗಲು ಹೇಳುತ್ತಾರೆ. ಇಂಥ ಬಳಗವನ್ನೂ ತಡೆದು ನಿಲ್ಲಿಸುವ ಮಾತೊಂದು ಇದೆ ಎಂದು ನಮಗೆ ಗೊತ್ತಾದದ್ದು ತೊಂಬತ್ತರ ದಶಕ ಮುಗಿಯುತ್ತಿದ್ದಾಗ, ನಾನು ಬಿ.ಎ. ಕೊನೆಯ ವರ್ಷಕ್ಕೆ ಬಂದಾಗ. ಪುಣೆಯಲ್ಲಿ ಆ ವರ್ಷಕ್ಕೆ ಟಿ.ವೈ. ಎನ್ನುತ್ತಾರೆ.

ಅದು ಗೊತ್ತಾದದ್ದೂ ಆಕಸ್ಮಿಕವಾಗಿ. ಗದಗಿನಿಂದ ದೂರದ ಬೀಗರೊಬ್ಬರು ಫೋನ್ ಮಾಡಿದ್ದರು. ಅವ್ವ ಎಂದಿನಂತೆ, "ಬರ್ರಿ ಬರ್ರಿ, ಅದಕ್ಕೇನ್ ಕೇಳ್ತೀರಿ" ಎಂದಳು. ಆಮೇಲೆ ಸುಮ್ಮನೆ ಮಾತಿಗೆ ಮಾತು ಸೇರಿಸಿ, "ಇಕೀದು ಟಿ.ವೈ. ಪರೀಕ್ಷಾ ಅದ ನೋಡ್ರಿ, ಓದ್ಲಿಕ್ಕೆ ಹತ್ತ್ಯಾಳ" ಎಂದಳು. ಆ ಕಡೆಯಿಂದ ನನಗೂ ಕೇಳುವಷ್ಟು ಗಟ್ಟಿಯಾಗಿ ಬಂತು: "ಪರೀಕ್ಷಾ ಅದ ಏನ್ರಿ? ಹಂಗಾರ ಬ್ಯಾಡ ಬಿಡ್ರಿ. ಹುಡುಗಿ ಓದಲಿ ಪಾಪ."

ಅವ್ವ ಫೋನ್ ಕೆಳಗಿಟ್ಟು ಅದನ್ನೇ ನೋಡುತ್ತ ನಿಂತಳು. ಸುಳ್ಳು ಹೇಳಿರಲಿಲ್ಲ, ಬರಬೇಡಿ ಎಂದಿರಲಿಲ್ಲ, ಆದರೂ ಯಾರೂ ಬರುವುದಿಲ್ಲ. ಅಂದಿನಿಂದ ನನ್ನ ಪರೀಕ್ಷೆ ನನ್ನೊಬ್ಬಳದಾಗಿ ಉಳಿಯಲಿಲ್ಲ.

ನನಗೆ ಆ ಪರೀಕ್ಷೆ ನಿಜವಾಗಿಯೂ ಬೇಕಿತ್ತು. ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಎಂ.ಎ. ಮಾಡುವ ಆಸೆ ನನ್ನದು. ಅದಕ್ಕೆ ಒಳ್ಳೆಯ ಮಾರ್ಕ್ಸ್ ಬೇಕಿತ್ತು, ಅಪ್ಪನ ಒಪ್ಪಿಗೆ ಬೇಕಿತ್ತು. ಕೇಳಿದಾಗಲೆಲ್ಲ ಅಪ್ಪ, "ಟಿ.ವೈ. ಮುಗೀಲಿ, ನೋಡೂಣು" ಎನ್ನುತ್ತಿದ್ದ. ನಮ್ಮ ಮನೆಯಲ್ಲಿ ನೋಡೋಣ ಎಂದರೆ ಇಲ್ಲ ಎಂದೇ ಅರ್ಥ. ಅಜ್ಜಿಗೆ ಅಷ್ಟು ಸುತ್ತುಬಳಸು ಬೇಕಿರಲಿಲ್ಲ. "ಹೆಣ್ಣ ಹುಡುಗಿಗೆ ಎಂ.ಎ. ಯಾಕ ಬೇಕು? ಬಿ.ಎ.ನ ಹೆಚ್ಚಾಗೇದ" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದಳು. ಇತ್ತ ಅಪ್ಪನ ಅಕ್ಕ, ಬೆಳಗಾವಿಯ ಅತ್ಯಾ, ಸಾಂಗ್ಲಿಯಲ್ಲಿ ಒಂದು ವರ ನೋಡಿ ಇಟ್ಟಿದ್ದಳು. ನನ್ನ ಕೊನೆಯ ಪೇಪರ್ ಯಾವತ್ತು ಎಂದು ಫೋನಿನಲ್ಲಿ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದಳು. ನನಗೆ ಬಹಳ ಹೆದರಿಕೆಯಾಗಿತ್ತು.

ಓದಲೆಂದು ಕಾಲೇಜು ರಜೆ ಬಿಟ್ಟಿತು. ನಾನು ಓದಲು ಕುಳಿತೆ, ಮನೆಯವರು ನನ್ನ ಓದನ್ನು ಬಳಸಲು ಕುಳಿತರು. ಕೆಳಗಿನ ಮನೆಯವರು ಸ್ಕೂಟರ್ ಕೇಳಲು ಬಂದರೆ ಅಪ್ಪ, ಮಗಳನ್ನು ಯಾವ ಹೊತ್ತಿಗೆ ಕಾಲೇಜಿಗೆ ಬಿಡಬೇಕಾಗುತ್ತದೋ ಹೇಳಲಾಗದು ಎನ್ನುತ್ತಿದ್ದ. ಹುಟ್ಟಿದಾಗಿನಿಂದ ಅಪ್ಪ ನನ್ನನ್ನು ಆ ಸ್ಕೂಟರ್ ಮೇಲೆ ಕಾಲೇಜಿಗೆ ಬಿಟ್ಟವನಲ್ಲ. ಚೈತ್ರದ ಅರಿಸಿನ ಕುಂಕುಮಕ್ಕೆ ಎದುರು ಮನೆಯ ಮರಾಠಿ ಬಾಯಿ ಕರೆಯಲು ಬಂದರೆ ಅವ್ವ, "ಮುಲೀಚಿ ಪರೀಕ್ಷಾ ಆಹೇ ನಾ" ಎಂದು ಮಗಳ ಪರೀಕ್ಷೆಯನ್ನು ಮುಂದೆ ಮಾಡುತ್ತಿದ್ದಳು. ಮಧ್ಯಾಹ್ನ ಬಂದು ತನ್ನ ಪಿತ್ತದ ಕಥೆ ಹೇಳುತ್ತಿದ್ದ ಗೆಳತಿಯನ್ನು ಅಜ್ಜಿ ತುಟಿಯ ಮೇಲೆ ಬೆರಳಿಟ್ಟೇ ಹಿಂದಕ್ಕೆ ಕಳಿಸುತ್ತಿದ್ದಳು. ಅದಕ್ಕಾಗಿ ಅಜ್ಜಿ ತ್ಯಾಗವನ್ನೂ ಮಾಡಿದಳು. ಟಿವಿಯ ಧಾರಾವಾಹಿಯನ್ನು ದನಿ ಪೂರ್ತಿ ಬಂದ್ ಮಾಡಿ ನೋಡುತ್ತ, ಯಾರು ಯಾರಿಗೆ ಏನೆಂದರು ಎಂಬುದನ್ನು ತಾನೇ ಕಟ್ಟಿ ಅವ್ವನಿಗೆ ಹೇಳುತ್ತಿದ್ದಳು. ಅವಳ ಕಥೆಯಲ್ಲಿ ಸೊಸೆಯಂದಿರೇ ಯಾವಾಗಲೂ ತಪ್ಪಿತಸ್ಥರು.

ಓದಿದರೆ ಸಾಲದು, ಓದುವುದು ಕಾಣಬೇಕು ಎಂದು ಅಜ್ಜಿಯ ವಾದ. ಒಳಗಿನ ಕೋಣೆಯಲ್ಲಿದ್ದ ನನ್ನ ಟೇಬಲ್ಲನ್ನು ಅಪ್ಪ ಹೊರಗಿನ ಕೋಣೆಗೆ ತಂದು, ಬಾಗಿಲು ತೆರೆದ ಕೂಡಲೇ ಕಣ್ಣಿಗೆ ಬೀಳುವಂತೆ ಇಟ್ಟ. ಹಗಲಲ್ಲೂ ಟೇಬಲ್ ಲ್ಯಾಂಪ್ ಉರಿಯತೊಡಗಿತು. ಗಂಟೆ ಬಾರಿಸಿದರೆ ಅಜ್ಜಿ, "ಕೂಡು ಕೂಡು, ಲಗೂನ ಕೂಡು" ಎನ್ನುತ್ತಿದ್ದಳು. ಚಹಾ ಕುಡಿಯುತ್ತಿರಲಿ, ತಲೆ ಬಾಚುತ್ತಿರಲಿ, ನಾನು ಓಡಿ ಕುಳಿತು ಪುಸ್ತಕ ತೆರೆಯಬೇಕು. ಪ್ರತಿ ಸಲವೂ ಸಾರ್ವಜನಿಕ ಹಣಕಾಸಿನ ಅದೇ ಪುಟ ತೆರೆದುಕೊಳ್ಳುತ್ತಿತ್ತು. ತೆರಿಗೆಯನ್ನು ಸರ್ಕಾರ ಒಬ್ಬರ ಮೇಲೆ ಹಾಕಿದರೂ ಅದರ ಭಾರ ಕೊನೆಗೆ ಯಾರ ಮೇಲೆ ಬೀಳುತ್ತದೆ ಎಂಬ ಪಾಠ ಅದು. ಬಂದವರು ನನ್ನ ಬಗ್ಗಿದ ಕುತ್ತಿಗೆಯನ್ನು ನೋಡಿ ಲೊಚಗುಟ್ಟಿ, ಚಪ್ಪಲಿ ಮತ್ತೆ ಮೆಟ್ಟಿಕೊಂಡು ಹೋಗುತ್ತಿದ್ದರು. ಓದುತ್ತಿದ್ದೇನೆ ಎಂದು ಊರಿಗೆಲ್ಲ ತೋರಿಸುವುದರಲ್ಲಿ ನನಗೆ ಓದಲು ಹೊತ್ತೇ ಸಿಗುತ್ತಿರಲಿಲ್ಲ.

ಹೀಗೇ ಆದರೆ ಆ ಒಂದು ಪಾಠ ಬಿಟ್ಟು ಬೇರೇನೂ ಬಾರದೆ ಹೋಗುತ್ತದೆ ಎಂದು ಗಾಬರಿಯಾಗಿ, ನಮ್ಮ ಓಣಿಯಿಂದಾಚೆ ಇದ್ದ ಅಭ್ಯಾಸಿಕೆಗೆ ಹೋಗುತ್ತೇನೆ ಎಂದೆ. ಹುಡುಗರು ಹುಡುಗಿಯರು ಸಾಲಾಗಿ ಕುಳಿತು ಸುಮ್ಮನೆ ಓದುವ ಕೋಣೆ ಅದು, ಪುಣೆಯ ತುಂಬ ಅಂಥವು ಇವೆ. ಮನೆಯಲ್ಲಿ ಎಲ್ಲರ ಮುಖ ಸಣ್ಣದಾಯಿತು.

"ನೀ ಅಲ್ಲಿ ಹೋಗಿ ಕೂತ್ರ ಇಲ್ಲೆ ಬಂದವ್ರಿಗೆ ನಾವ್ ಏನ್ ಹೇಳೂಣು?" ಎಂದಳು ಅವ್ವ.

"ನಂಗ ಪಾಸ್ ಆಗ್ಬೇಕವ್ವಾ."

"ಪಾಸ್ ಆಗು, ಬ್ಯಾಡ ಅಂದವ್ರ್ಯಾರು? ಮನ್ಯಾಗ ಕೂತ ಆಗು."

ಕೊನೆಗೆ ಅಜ್ಜಿಯೇ ದಾರಿ ಕಂಡುಹಿಡಿದಳು. ನಾನು ಅಭ್ಯಾಸಿಕೆಗೆ ಹೋಗಬಹುದು, ಆದರೆ ಪರೀಕ್ಷೆ ಮನೆಯಲ್ಲೇ ಇರಬೇಕು. ಕುರ್ಚಿಯ ಬೆನ್ನಿಗೆ ನನ್ನ ಚೂಡಿದಾರದ ಓಢಣಿ, ಟೇಬಲ್ ಮೇಲೆ ತೆರೆದ ಪುಸ್ತಕ, ಅರ್ಧ ಕುಡಿದ ಚಹಾದ ಕಪ್ಪು, ಉರಿಯುವ ಲ್ಯಾಂಪು. ಯಾರಾದರೂ ಬಂದರೆ, ಈಗಷ್ಟೇ ಮುಖ ತೊಳೆಯಲು ಎದ್ದು ಹೋದಳು ಎಂದು ಹೇಳುವುದು. ಆ ವ್ಯವಸ್ಥೆ ನನಗಿಂತ ಚೆನ್ನಾಗಿ ಓದುತ್ತಿತ್ತು. ನನಗೆ ಆಕಳಿಕೆಯಾದರೂ ಬರುತ್ತಿತ್ತು.

ಒಂದು ಮಧ್ಯಾಹ್ನ ಅಭ್ಯಾಸಿಕೆಯಿಂದ ಮರಳಿ ಮೆಟ್ಟಿಲು ಹತ್ತುತ್ತಿದ್ದಾಗ ನಮ್ಮ ಬಾಗಿಲಲ್ಲಿ ಬಾಗಲಕೋಟೆಯ ಕಾಕಾ ಒಬ್ಬರು ಚೀಲ ಹಿಡಿದು ನಿಂತಿದ್ದರು. ಅಪ್ಪನ ದೂರದ ತಮ್ಮ. ಫೋನ್ ಮಾಡದೆ ಬರುವುದೇ ಪ್ರೀತಿ ಎಂದು ನಂಬಿದವರು. ಅಜ್ಜಿ ಒಳಗಿನಿಂದ ಹೇಳುತ್ತಿದ್ದಳು: "ಮುಂಜಾನಿಂದ ಕೂತಾಕಿ ಈಗ ಎದ್ದಾಳಪ್ಪಾ. ಒಳಗ ಮುಖಾ ತೊಳಕೊಳ್ಳಿಕ್ಕೆ ಹತ್ತ್ಯಾಳ."

ಅಷ್ಟರಲ್ಲಿ ನಾನು ಕಾಕಾನ ಬೆನ್ನ ಹಿಂದೆ ಪುಸ್ತಕಗಳನ್ನು ಎದೆಗವಚಿಕೊಂಡು ನಿಂತಿದ್ದೆ. ಕಾಕಾ ತಿರುಗಿ ನನ್ನನ್ನು ನೋಡಿದರು, ಕುರ್ಚಿಯ ಮೇಲಿನ ಓಢಣಿಯನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಅಜ್ಜಿ ಕಣ್ಣು ಕೂಡ ಮಿಟುಕಿಸಲಿಲ್ಲ.

"ನೋಡಪ್ಪಾ ಹೆಂಗಾಗೇದ. ಓದಿ ಓದಿ ಯಾವಾಗ ಹೊರಗ ಹೋಗ್ತಾಳ, ಯಾವಾಗ ಒಳಗ ಬರ್ತಾಳ, ಆಕಿಗೂ ಖಬರಿಲ್ಲ, ನಮಗೂ ಖಬರಿಲ್ಲ."

ಕಾಕಾ ನನ್ನ ತಲೆಯ ಮೇಲೆ ಕೈಯಿಟ್ಟು, "ಭಾಳ ತ್ರಾಸ ತಗೋಬ್ಯಾಡವಾ" ಎಂದರು. ಕರದಂಟಿನ ಡಬ್ಬಿ ಕೊಟ್ಟರು, ಒಳಗೆ ಕಾಲಿಡದೆ ಪುಣೆಯಲ್ಲೇ ಧನಕವಡಿಯಲ್ಲಿದ್ದ ಇನ್ನೊಬ್ಬ ನೆಂಟರ ಮನೆಗೆ ಬಸ್ಸು ಹಿಡಿದರು. ನಮ್ಮಲ್ಲಿಂದ ಹಿಂದೆ ಸರಿದವರೆಲ್ಲ ಅಲ್ಲಿಗೇ ಹೋಗುತ್ತಿದ್ದರು. ವಾರ ಕಳೆಯುವುದರೊಳಗೆ ಧನಕವಡಿಯವರೂ ತಮ್ಮ ನಾಲ್ಕನೇ ತರಗತಿಯ ಮಗನಿಗೆ ಏನೋ ಸ್ಕಾಲರ್‌ಶಿಪ್ ಪರೀಕ್ಷೆ ಇದೆ ಎಂದು ಬಳಗಕ್ಕೆಲ್ಲ ಸುದ್ದಿ ಕಳಿಸಿದರು. ಅವರು ನಮ್ಮನ್ನು ನೋಡಿ ಕಲಿತರು ಎಂದು ಅವ್ವನಿಗೆ ಸ್ವಲ್ಪ ಬೇಸರವಾಯಿತು.

ಆ ದಿನಗಳಲ್ಲಿ ಒಂದು ಸಂಗತಿ ಕಂಡಿದ್ದೆ, ಆಗ ಅದರ ಅರ್ಥವಾಗಿರಲಿಲ್ಲ. ಊಟವಾದ ಮೇಲೆ ನಾನು ಬಾಲ್ಕನಿಯಲ್ಲಿ ಓದುತ್ತಿದ್ದರೆ ಅವ್ವ ಬಂದು ಪಕ್ಕದಲ್ಲಿ ಕುಳಿತು ಕಾಲು ಚಾಚುತ್ತಿದ್ದಳು. ಕೈಯಲ್ಲಿ ಸೊಪ್ಪಿಲ್ಲ, ಅಕ್ಕಿಯ ಮೊರವಿಲ್ಲ, ಏನೂ ಇಲ್ಲ. ಕೆಳಗೆ ಹೋಗುವ ಬರುವ ಗಾಡಿಗಳನ್ನು ನೋಡುತ್ತ ಸುಮ್ಮನೆ ಕುಳಿತಿರುತ್ತಿದ್ದಳು. ನಾನು ಓದುತ್ತೇನೋ ಇಲ್ಲವೋ ಎಂದು ಕಾವಲಿಗೆ ಬಂದಿದ್ದಾಳೆ ಎಂದುಕೊಂಡು ಸಿಡಿಮಿಡಿಗೊಂಡು ಪುಟ ಮಗುಚುತ್ತಿದ್ದೆ.

ಪರೀಕ್ಷೆ ಬಂತು. ತೆರಿಗೆಯ ಭಾರದ ಪ್ರಶ್ನೆಯೂ ಬಂತು, ನಕ್ಷೆ ಸಮೇತ ಪುಟಗಟ್ಟಲೆ ಬರೆದೆ. ಕೊನೆಯ ಪೇಪರ್ ಮುಗಿಸಿ ಮನೆಗೆ ಬಂದಾಗ ಮೆಟ್ಟಿಲ ತುಂಬ ಚಪ್ಪಲಿಗಳು. ಪರೀಕ್ಷೆ ಮುಗಿಯಲಿ ಎಂದು ಎರಡು ತಿಂಗಳು ತಡೆದುಕೊಂಡಿದ್ದ ಬಳಗ ಅದು ಮುಗಿಯುವ ಗಂಟೆಗೇ ಬಂದಿಳಿದಿತ್ತು. ಬಾಗಿಲಲ್ಲಿ ಅವ್ವ ಸಿಕ್ಕಳು. ಪೇಪರ್ ಹೇಗಾಯಿತು ಎಂದು ಕೇಳಲಿಲ್ಲ.

"ಇನ್ನ ಒಂದೂ ಉಳದಿಲ್ಲೇನು?" ಎಂದಳು.

"ಇಲ್ಲವ್ವಾ, ಮುಗೀತು."

ಅವ್ವ ತಲೆಯಾಡಿಸಿ ಒಳಗೆ ಹೋದಳು. ಹೊರಗಿನ ಕೋಣೆಯಲ್ಲಿ ಅಜ್ಜಿ ಮಲಗುವ ದಿವಾನದ ಮೇಲೆ ಮೊಣಕಾಲಿನವರೊಬ್ಬರು ಮಲಗಿದ್ದರು. ಅಜ್ಜಿ ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರಿನ ಪಕ್ಕ ಚಾಪೆ ಹಾಸಿಕೊಂಡು ಗೋಡೆಗೆ ಒರಗಿದ್ದಳು. ನನ್ನ ಟೇಬಲ್ಲು ಬಾಲ್ಕನಿಗೆ ಹೋಗಿತ್ತು, ಅದರ ಮೇಲೆ ಸೀರೆಯ ಗಂಟುಗಳು. ಅಪ್ಪನ ಸ್ಕೂಟರ್ ಯಾರನ್ನೋ ಹೊತ್ತು ಆಳಂದಿಗೆ ಹೋಗಿತ್ತು. ಅಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಚ್ಚಲಮನೆಯ ಬಾಗಿಲಲ್ಲಿ ಸರದಿ ಕಾಯುತ್ತಿದ್ದ.

ಇವರೆಲ್ಲರ ನಡುವೆ ಬೆಳಗಾವಿಯ ಅತ್ಯಾ ಕುಳಿತಿದ್ದಳು.

"ಆತಲ್ಲ ಪರೀಕ್ಷಾ? ಛಲೋ ಆತು. ಐತವಾರ ಸಾಂಗ್ಲಿಯವರು ಬರ್ತಾರ ನಿನ್ನ ನೋಡ್ಲಿಕ್ಕೆ. ಭಾಳ ಮಂದಿ ಇಲ್ಲ, ಒಂದ್ ಎಂಟ್ ಮಂದಿ. ಎರಡು ದಿನಾ ಇದ್ದು ಹೋಗ್ತಾರ."

ಈ ಗಳಿಗೆಗೆಂದು ನಾನು ಒಂದು ಭಾಷಣ ತಯಾರಿಸಿದ್ದೆ. ಯಾವ ಪೇಪರಿಗೂ ಅಷ್ಟು ಚೆನ್ನಾಗಿ ಬಾಯಿಪಾಠ ಮಾಡಿರಲಿಲ್ಲ. ಅದರ ಒಂದು ಸಾಲೂ ನೆನಪಿಗೆ ಬರಲಿಲ್ಲ. ಹಾಲ್ ಟಿಕೆಟ್ ಹಿಡಿದು ನಿಂತೇ ಇದ್ದೆ, ಕಣ್ಣು ತುಂಬಿ ಬಂತು.

"ಎಂಟ್ ಮಂದಿ ಎಲ್ಲಿ ಮಲಗ್ತಾರ?" ಎಂದು ಅಡುಗೆಮನೆಯಿಂದ ಅಜ್ಜಿ ಕೇಳಿದಳು.

"ಇಲ್ಲೇ ಹೊರಗ ಮಲಗ್ತಾರವ್ವಾ. ನಾವೆಲ್ಲಾ ಸ್ವಲ್ಪ ಒಳಗ ಸರಕೊಂಡ್ರಾತು" ಎಂದಳು ಅತ್ಯಾ.

ಅಜ್ಜಿ ಪಕ್ಕದ ಸಿಲಿಂಡರನ್ನು ಒಮ್ಮೆ ನೋಡಿದಳು. ಇನ್ನೂ ಒಳಗೆ ಸರಿಯಲು ಅಲ್ಲಿ ಗೋಡೆ ಮಾತ್ರ ಇತ್ತು.

"ಆಗೂದಿಲ್ಲ. ಬರಬ್ಯಾಡ್ರಿ ಅಂತ ಹೇಳು. ಇಕೀದು ಪರೀಕ್ಷಾ ಅದ."

"ಮುಗೀತಲ್ಲವ್ವಾ ಈಗ?"

"ಅದು ಬಿ.ಎ.ದು. ಎಂ.ಎ.ದು ಇನ್ನ ಎಲ್ಲಿ ಆಗೇದ?"

ಅತ್ಯಾ ಅಪ್ಪನ ಕಡೆ ತಿರುಗಿ, "ಎಂ.ಎ. ಓದಸ್ತೀಯೇನೋ ಇಕಿಗೆ?" ಎಂದಳು. ಅಪ್ಪ ಬಾಯಿ ತೆರೆದ. ಅಷ್ಟರಲ್ಲಿ ಬಚ್ಚಲಮನೆಯ ಒಳಗಿದ್ದವರು ಮೈಮೇಲೆ ಮೊದಲ ತಂಬಿಗೆ ಸುರಿದುಕೊಂಡು ವಿಷ್ಣುವಿನ ಸಾವಿರ ಹೆಸರುಗಳನ್ನು ಮೊದಲಿನಿಂದ ಶುರುಮಾಡಿದರು. ಅಪ್ಪ ಸ್ವಲ್ಪ ಹೊತ್ತು ಅದನ್ನು ಕೇಳಿಸಿಕೊಂಡ.

"ಹೂಂ ಅಕ್ಕಾ," ಎಂದ. "ಓದಸಬೇಕಂತ ಮದ್ಲಿಂದನೂ ಇತ್ತು ನನಗ."

ಅತ್ಯಾ, ಎಷ್ಟು ವರ್ಷದ್ದು ಎಂದು ನನ್ನನ್ನೇ ಕೇಳಿದಳು. ಎರಡು ವರ್ಷ ಎಂದೆ. ಅವಳು ನಿಟ್ಟುಸಿರು ಬಿಟ್ಟು ಸಾಂಗ್ಲಿಗೆ ಫೋನ್ ಮಾಡಲು ಎದ್ದಳು.

ನನಗೆ ಸಂತೋಷವಾಯಿತು, ಇಲ್ಲವೆನ್ನಲಾರೆ. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ವರ್ಷವಿಡೀ ಕೇಳಿ, ಅತ್ತು, ಊಟ ಬಿಟ್ಟರೂ ಸಿಗದ ಎಂ.ಎ. ನನಗೆ ಒಂದು ದಿವಾನ ಮತ್ತು ಒಂದು ಬಚ್ಚಲಮನೆಯ ದೆಸೆಯಿಂದ ಸಿಕ್ಕಿತ್ತು. ನನ್ನ ತಲೆಯಲ್ಲಿ ಏನಿದೆ ಎಂದು ಅಲ್ಲಿ ಯಾರೂ ಕೇಳಿರಲಿಲ್ಲ. ಆ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಮುಖ ತಪ್ಪಿಸಿಕೊಳ್ಳಲು ಅಡುಗೆಮನೆಗೆ ಹೋದೆ. ಅವ್ವ ದೊಡ್ಡ ಪಾತ್ರೆಯಲ್ಲಿ ಚಹಾಕ್ಕೆ ಇಟ್ಟಿದ್ದಳು. ಒಂದು ಒಲೆಯ ಮೇಲೆ ಅದು, ಇನ್ನೊಂದರ ಮೇಲೆ ಅವಲಕ್ಕಿಗೆ ಒಗ್ಗರಣೆ. ಬೆನ್ನಿನ ಮೇಲೆ ರವಿಕೆ ಬೆವರಿಗೆ ಅಂಟಿಕೊಂಡಿತ್ತು. ಬಾಲ್ಕನಿಯಲ್ಲಿ ಬರಿಗೈಯಲ್ಲಿ ಕಾಲು ಚಾಚಿ ಕುಳಿತಿದ್ದವಳು ಇವಳೇ ಎಂದು ನೆನಪಾಯಿತು. ತೆರಿಗೆಯ ಭಾರ ಯಾರ ಮೇಲೆ ಎಂದು ಪುಟಗಟ್ಟಲೆ ಬರೆದು ಬಂದಿದ್ದ ಉತ್ತರ ನನಗೆ ಅರ್ಥವಾದದ್ದು ಆಗ.

"ಎರಡು ವರ್ಷ ಅಂದ್ಯಲ್ಲ," ಅವ್ವ ತಿರುಗದೆ, ಮೆಲ್ಲಗೆ ಕೇಳಿದಳು. "ಆಮ್ಯಾಲ ಏನಿರ್ತದ?"

"ಪಿಎಚ್.ಡಿ. ಅಂತ ಇರ್ತದ."

"ಅದು ಎಷ್ಟು ವರ್ಷದ್ದು?"

"ಅದಕ್ಕ ಲೆಕ್ಕ ಇಲ್ಲವ್ವಾ. ಎಷ್ಟು ಹಿಡದ್ರ ಅಷ್ಟು."

ಅವ್ವ ಚಹಾ ಸೋಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಅದನ್ನೂ ಮಾಡು," ಎಂದಳು.