ಪುಟಾಣಿಗೆ ತೊಡಿಸಿದ ಕುಂಚಿಗೆ

ನಾಯಿಗೆ ಕೋಟು ಬೇಕಾ?

ಈ ಪ್ರಶ್ನೆ ಇಟ್ಟುಕೊಂಡು ಹೋದ ವಾರ ಸಿಂಧನೂರಿನ ಅರ್ಧ ಬಜಾರು ಸುತ್ತಿದೆ. ಮಕ್ಕಳ ಬಟ್ಟೆ ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನಮ್ಮಲ್ಲಿ ಮನಷ್ಯಾರವು ಅಷ್ಟ ಅದಾವ್ರೀ ಸರ್’ ಅಂದರು. ಸ್ವೆಟರ್ ಅಂಗಡಿಯವರು ಇನ್ನೂ ಮರ್ಯಾದಸ್ಥರು, ‘ಸೈಜ್ ಹೇಳ್ರಿ’ ಅಂದರು. ನಾಯಿಯ ಸೈಜು ಯಾರಿಗೆ ಗೊತ್ತು? (ಕಾಲು ನಾಲ್ಕು ಅಂತ ಮಾತ್ರ ಖಾತ್ರಿಯಾಗಿ ಹೇಳಬಲ್ಲೆ.) ಆನ್‌ಲೈನಿನಲ್ಲಿ ತರಹೇವಾರಿ ಕೋಟುಗಳಿದ್ದವು, ಟೋಪಿ ಸಮೇತ. ಆದರೆ ಅವು ನಮ್ಮೂರು ಮುಟ್ಟುವಷ್ಟರಲ್ಲಿ ಬೇಸಿಗೆ ಬಂದಿರುತ್ತದೆ.

ನಗುತ್ತಿದ್ದೀರಿ ಅಲ್ಲವೇ? ರಾಯಚೂರು ಜಿಲ್ಲೆಯಲ್ಲಿ ಚಳಿಯಂತೆ, ಅದಕ್ಕೆ ನಾಯಿಗೆ ಕೋಟಂತೆ! ಸ್ವಲ್ಪ ತಡೆಯಿರಿ. ಎಲ್ಲೋ ಕಡಲಲ್ಲಿ ಎದ್ದ ಚಂಡಮಾರುತ ಈ ಸಲ ನಮ್ಮ ಡಿಸೆಂಬರನ್ನು ಕೆಡಿಸಿತ್ತು. ಸೂರ್ಯನ ಮುಖ ಕಾಣದು. ಬೆಳಗಿನಿಂದ ಸಂಜೆವರೆಗೆ ಜಿಟಿಜಿಟಿ ಮಳೆ, ಅದರ ಬೆನ್ನಿಗೆ ಥಂಡಿ ಗಾಳಿ. ಕೊಯ್ದು ರಸ್ತೆ ಮೇಲೆ ಒಣಹಾಕಿದ್ದ ಭತ್ತವೆಲ್ಲ ತಾಡಪತ್ರಿ ಹೊದ್ದು ಮಲಗಿತ್ತು. ಭತ್ತಕ್ಕೆ ತಾಡಪತ್ರಿ ಉಂಟು, ನಮಗೆ ಸ್ವೆಟರ್ ಉಂಟು. ಪುಟಾಣಿಗೆ?

ಪುಟಾಣಿ ನಮ್ಮ ನಾಯಿ. ನಮ್ಮ ಕಡೆ ಪುಟಾಣಿ ಅನ್ನುವ ಹುರಿಗಡಲೆಯದೇ ಬಣ್ಣ, ಅದಕ್ಕೇ ಆ ಹೆಸರು. ಸಂತೆಕಲ್ಲೂರಿನ ಕುರಿಗಾರರೊಬ್ಬರು ಮರಿಯಿದ್ದಾಗ ಕೊಟ್ಟಿದ್ದು. ಉದ್ದ ಕಾಲು, ಸಣ್ಣ ಮುಖ, ಎಣಿಸಬಹುದಾದ ಪಕ್ಕೆಲುಬು. ಈಗ ವಯಸ್ಸಾಗಿದೆ. ಮೈಮೇಲೆ ಕೂದಲು ಇದೆಯೋ ಇಲ್ಲವೋ ಅನ್ನುವಷ್ಟು. ಮನೆಯೊಳಗೆ ಗಲೀಜು ಮಾಡದ ಸಂಭಾವಿತ ಪ್ರಾಣಿಯಾದ್ದರಿಂದ ಮಳೆಯಿರಲಿ ಗಾಳಿಯಿರಲಿ, ಹೊರಗೆ ಕರೆದೊಯ್ಯಲೇಬೇಕು. ಕಾಲುವೆ ದಂಡೆಗೆ ಹೋಗುವಷ್ಟರಲ್ಲಿ ಅದರ ಹಿಂಗಾಲು ಗಡಗಡ ನಡುಗುತ್ತಿದ್ದವು.

ದನದ ದವಾಖಾನೆಯ ಡಾಕ್ಟರನ್ನು ಕೇಳಿದೆ. ‘ದಪ್ಪ ಕೂದಲಿದ್ದ ನಾಯಿಗೆ ಏನೂ ಬ್ಯಾಡ್ರಿ, ಅವುಕ್ಕ ದೇವ್ರು ಕೋಟು ಕೊಟ್ಟ ಕಳಿಸ್ಯಾನ. ನಿಮ್ಮದಕ್ಕ ವಯಸ್ಸಾಗ್ಯಾದ, ಬೆನ್ನು ಬೆಚ್ಚಗಿಡ್ರಿ. ಆದ್ರ ತೊಯ್ದಿಂದ ತಗದುಬಿಡ್ರಿ. ಹಸಿ ಅರಿವಿ ಹಾಕೂದ್ಕಿಂತ ಹಾಕದಿರೂದ ಚಲೋ’ ಅಂದರು.

ಹೆಂಡತಿ ಗಿರಿಜಾ ಊರಲ್ಲಿರಲಿಲ್ಲ. ತಾಯಿಗೆ ಹುಷಾರಿಲ್ಲವೆಂದು ಮಸ್ಕಿಯ ತವರಿಗೆ ಹೋಗಿದ್ದಳು. ಹಳೆಯ ಸ್ವೆಟರ್ ಏನಾದರೂ ಸಿಕ್ಕೀತೆಂದು ನಾನೇ ಅಲ್ಮಾರಿಗೆ ಕೈ ಹಾಕಿದೆ. ಅವಳ ರೇಷ್ಮೆ ಸೀರೆಗಳ ಕೆಳಗೆ, ಹಳೇ ಧೋತರದ ತುಂಡಿನಲ್ಲಿ ಸುತ್ತಿಟ್ಟ ಒಂದು ಗಂಟು. ಬಿಚ್ಚಿದರೆ ಕುಂಚಿಗೆ!

ಕುಂಚಿಗೆ ಗೊತ್ತಲ್ಲ? ಕೂಸಿನ ತಲೆಗೆ ಟೋಪಿ, ಅದಕ್ಕೇ ಜೋಡಿಸಿದ ಸೆರಗಿನಂಥ ಬಟ್ಟೆ ಬೆನ್ನ ಮೇಲೆ ಇಳಿಬಿದ್ದಿರುತ್ತದೆ, ಗದ್ದದ ಕೆಳಗೆ ಕಟ್ಟಲು ಲಾಡಿ. ತೊಟ್ಟಿಲಿಗೆ ಹಾಕುವ ದಿನ ನಮ್ಮ ಕಡೆಯ ಕೂಸುಗಳೆಲ್ಲ ಅದನ್ನು ತೊಟ್ಟೇ ಮೆರೆದವು. ಇದು ಕೆಂಪನೆಯದು, ಅಂಚಿಗೆ ಸಣ್ಣ ಸಣ್ಣ ಕನ್ನಡಿ. ಧಾರವಾಡದಲ್ಲಿ ಓದುತ್ತಿರುವ ನಮ್ಮ ಮಗಳದ್ದಿರಬೇಕು, ಎಷ್ಟು ಜೋಪಾನ ಮಾಡಿದ್ದಾಳೆ ಅಂದುಕೊಂಡೆ. ಕನ್ನಡಿಯ ಸಾಲು ಅರ್ಧಕ್ಕೇ ನಿಂತಿತ್ತು. ಅಲ್ಲೊಂದು ಸೂಜಿ, ದಾರದ ಸಮೇತ, ಚುಚ್ಚಿದ್ದು ಚುಚ್ಚಿದಂತೆಯೇ ಇತ್ತು.

ಮಗಳದ್ದಾಗಿದ್ದರೆ ಅದರಲ್ಲಿ ಸೂಜಿ ಯಾಕೆ ಇರುತ್ತಿತ್ತು? ಆ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ಸೂಜಿ ತೆಗೆದು ಗೋಡೆಯ ಕ್ಯಾಲೆಂಡರಿಗೆ ಚುಚ್ಚಿದೆ. ಕುಂಚಿಗೆಯನ್ನು ಪುಟಾಣಿಗೆ ತೊಡಿಸಿದೆ.

ಏನು ಹೇಳಲಿ, ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು! ಟೋಪಿ ಎರಡು ಕಿವಿಗಳ ನಡುವೆ, ಲಾಡಿ ಗದ್ದದ ಕೆಳಗೆ, ಸೆರಗು ಬೆನ್ನಿನ ಮೇಲೆ. ಪುಟಾಣಿ ಬಾಲ ಅಲ್ಲಾಡಿಸಿತು. ಇಬ್ಬರೂ ಕಾಲುವೆ ದಾರಿ ಹಿಡಿದೆವು. ಭತ್ತ ಕಾಯುತ್ತ ಕೂತಿದ್ದ ಹೆಣ್ಣುಮಕ್ಕಳು ಬಾಯಿಗೆ ಸೆರಗು ಹಚ್ಚಿ ನಕ್ಕರು. ಚಾದಂಗಡಿಯ ಮೆಹಬೂಬ ಕೆಟಲ್ ಕೆಳಗಿಟ್ಟು, ‘ತೊಟ್ಲದಾಗ ಹಾಕೂದು ಯಾವಾಗ್ರೀ ಸರ್? ಹಮ್ನಾ ದಾವತ್ ನೈ ಕ್ಯಾ, ನಮಗ ಊಟ ಇಲ್ಲೇನು?’ ಅಂದ. ಮಿರ್ಚಿ ತಿನ್ನುತ್ತಿದ್ದವರೆಲ್ಲ ಗೊಳ್ಳೆಂದರು. ಮೊಬೈಲುಗಳು ಎದ್ದವು.

ಪೇಪರಿನ ಅಂಕಣದಲ್ಲಿ ನಗಿಸುವುದೇ ಕಸುಬಾದವನ ಕೈ ಸುಮ್ಮನಿರುತ್ತದೆಯೇ? ನಾನೂ ಫೋಟೊ ಹೊಡೆದು ವಾಟ್ಸಾಪ್ ಸ್ಟೇಟಸ್‌ಗೆ ಏರಿಸಿದೆ. ಕೆಳಗೆ ಬರೆದೆ: ‘ನಮ್ಮ ಮನೆಯ ಹೊಸ ಕೂಸು. ತೊಟ್ಟಿಲ ಕಾರ್ಯಕ್ಕೆ ಎಲ್ಲರೂ ಬರ್ರಿ.’

ನಗೆಯ ಗುರುತುಗಳು ಬಂದವು ನೋಡಿ, ಮಳೆಗಿಂತ ಜೋರಾಗಿ. ಲಿಂಗಸುಗೂರಿನ ಗೆಳೆಯರು, ತುರ್ವಿಹಾಳದ ಬೀಗರು, ಕರೆಂಟಿನ ಲೈನ್‌ಮನ್ ಕೂಡ. ಯಾರು ಯಾರು ನೋಡಿದರೆಂದು ಬೆರಳಾಡಿಸುತ್ತ ಚಾ ಕುಡಿದೆ. ಆ ಹೆಸರುಗಳ ನಡುವೆ ಒಂದು ಹೆಸರು ಸುಮಾ. ಗಿರಿಜಾಳ ತಂಗಿ, ಮಸ್ಕಿಯಲ್ಲಿ ತಾಯಿಯ ಜೊತೆಗೇ ಇದ್ದಾಳೆ. ನೋಡಿದ್ದಳು, ನಕ್ಕಿರಲಿಲ್ಲ. ಅದನ್ನು ದಾಟಿ ಬೆರಳು ಮುಂದೆ ಹೋಯಿತು.

ಸ್ವಲ್ಪ ಹೊತ್ತಿಗೆ ಗಿರಿಜಾಳ ಫೋನ್.

‘ಅದನ್ನ ಎಲ್ಲಿಂದ ತಗದ್ರಿ?’

‘ಅಲ್ಮಾರ್‍ಯಾಗಿತ್ತು. ನಮ್ಮ ಮಗಳದು ಹೌದಲ್ಲ?’

‘ಸುಮಾನ ಕೂಸಿಗೆ ಹೊಲದಿದ್ದೆನ್ರಿ.’

ಅಷ್ಟೇ ಹೇಳಿದಳು. ಅವಳ ಹಿಂದೆ ಅತ್ತೆಯ ಏರಿದ ದನಿ ಕೇಳುತ್ತಿತ್ತು. ಫೋನ್ ಕಟ್ಟಾಯಿತು.

ಸುಮಾಳಿಗೆ ಮದುವೆಯಾಗಿ ಎಷ್ಟೋ ವರ್ಷಕ್ಕೆ ಬಸಿರು ನಿಂತಿತ್ತು. ಈ ಮಳೆಗಾಲದಲ್ಲಿ ಹೆರಿಗೆಯಾಯಿತು. ಕೂಸು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಅಂದಿನಿಂದ ಆ ಮನೆಯಲ್ಲಿ ‘ಕೂಸು’ ಎಂಬ ಶಬ್ದವನ್ನೇ ಯಾರೂ ಆಡುವುದಿಲ್ಲ. ನಾನು ಆ ಶಬ್ದವನ್ನು ನಾಯಿಯ ಫೋಟೊದ ಕೆಳಗೆ ಬರೆದು ಊರಿಗೆಲ್ಲ ಹಂಚಿದ್ದೆ.

ಗೊತ್ತಿರಲಿಲ್ಲ ಅನ್ನಲೇ? ಹಾಗೆ ಅನ್ನಲೂ ಬಾಯಿಲ್ಲ. ಫೋನ್ ಕೈಯಲ್ಲಿ ಹಿಡಿದೇ ಕೂತಾಗ ಒಂದೊಂದಾಗಿ ನೆನಪಾಯಿತು. ಗಿರಿಜಾ ಅದನ್ನು ಹೊಲಿದದ್ದು ನನ್ನ ಪಕ್ಕದಲ್ಲೇ ಕೂತು, ಟಿವಿ ಮುಂದೆ. ಒಮ್ಮೆ ಎತ್ತಿ ಹಿಡಿದು ‘ಹೆಂಗಾಗ್ಯಾದ್ರಿ?’ ಅಂದಿದ್ದಳು. ಮೊಬೈಲಿನಿಂದ ಕಣ್ಣು ತೆಗೆಯದೆ ‘ಚಲೋ ಅದ’ ಅಂದಿದ್ದೆ. ‘ಅವ್ವಗ ಹೇಳಬ್ಯಾಡ್ರಿ ಮತ್ತ’ ಅಂದಿದ್ದಳು. ‘ಹೂಂ’ ಅಂದಿದ್ದೆ. ಏನಕ್ಕೆ ಹೂಂಗುಟ್ಟಿದೆನೋ ನನಗೇ ಗೊತ್ತಿಲ್ಲದೆ.

ಅವ್ವನಿಗೆ ಯಾಕೆ ಹೇಳಬಾರದು? ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಟ್ಟುವ ಮೊದಲೇ ಕೂಸಿಗೆ ಬಟ್ಟೆ ಹೊಲಿಯಬಾರದು. ಹೊಲಿದರೆ ಕೂಸು ದಕ್ಕುವುದಿಲ್ಲ ಅನ್ನುತ್ತಾರೆ. ಗಿರಿಜಾ ಆಸೆ ತಡೆಯಲಾರದೆ ಹೊಲಿದಿದ್ದಳು, ಬಚ್ಚಿಟ್ಟಿದ್ದಳು. ಅವಳು ಬಚ್ಚಿಟ್ಟದ್ದನ್ನು ನಾನು ನಾಯಿಯ ಬೆನ್ನ ಮೇಲೆ ಹಾಕಿ ಮೆರವಣಿಗೆ ಮಾಡಿಸಿದ್ದೆ.

ಸ್ಟೇಟಸ್ ಅಳಿಸಿದೆ. ಪುಟಾಣಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿದೆ. ಕುಂಚಿಗೆ ಒಗೆಯೋಣವೆಂದರೆ ಒಣಗಿಸಲು ಬಿಸಿಲೆಲ್ಲಿ? ಹಾಗೆಯೇ ಕ್ಯಾರಿಬ್ಯಾಗಿಗೆ ಹಾಕಿಕೊಂಡು ಲಿಂಗಸುಗೂರು ಬಸ್ ಹತ್ತಿದೆ. ಮಸ್ಕಿ ಬರುವವರೆಗೂ ಒಂದು ಸುಳ್ಳನ್ನು ಉಜ್ಜಿ ಉಜ್ಜಿ ಹೊಳಪು ಮಾಡಿದೆ: ‘ಇದು ಲಿಂಗಸುಗೂರು ಬಜಾರಿನಾಗ ತಂದಿದ್ರೀ, ರೆಡಿಮೇಡು.’ ಗಿರಿಜಾ ಫೋನಿನಲ್ಲಿ ಏನು ಹೇಳಿದ್ದರೂ ಅದನ್ನು ಮುಚ್ಚಿಹಾಕಿಬಿಡುತ್ತೇನೆ ಎಂದುಕೊಂಡೆ.

ಆ ಸುಳ್ಳು ಬಾಗಿಲಲ್ಲೇ ಸತ್ತಿತು. ಅತ್ತೆ ನನ್ನನ್ನು ‘ಬರ್ರಿ’ ಅನ್ನಲಿಲ್ಲ.

‘ನನ್ನ ಇಳಕಲ್ ಸೀರಿ ಸೆರಗು ನನಗ ಗುರ್ತ ಸಿಗೂದಿಲ್ಲೇನ್ರೀ ಅಳಿಯಾರ? ನನ್ನ ಸೀರಿ ಕತ್ತರಿಸಿ ಹೊಲದಾಳ ಇಕಿ! ಹೊಟ್ಯಾಗಿನ ಕೂಸಿಗೆ ಅರಿವಿ ಹೊಲೀಬಾರದು ಅಂತ ಹೇಳಿ ಹೇಳಿ ಸಾಕಾಗಿತ್ತು ನನಗ. ಕೇಳಿದ್ಲೇನು? ಅದಕ್ಕ ಹಿಂಗಾತು.’

‘ಅತ್ತೀ, ಹಂಗೆಲ್ಲ ಏನಿಲ್ರೀ. ಡಾಕ್ಟರು ಹೇಳಿದ್ರಲ್ಲ...’ ಎಂದು ಶುರು ಮಾಡಿದೆ. ಮೂಢನಂಬಿಕೆ, ವಿಜ್ಞಾನ, ಅದು ಇದು. ಪೇಪರಿನಲ್ಲಿ ಬರೆದರೆ ನೀವು ಮೆಚ್ಚುತ್ತಿದ್ದಿರೇನೋ. ಅಲ್ಲಿ ಯಾರೂ ನನ್ನ ಮುಖ ಸಹ ನೋಡಲಿಲ್ಲ. ದನದ ಡಾಕ್ಟರು ಹೇಳಿದ, ಹಾಕದಿರುವುದೇ ಚಲೋ ಎಂಬ ಹಸಿ ಅರಿವೆ ನನ್ನ ಮಾತೇ ಆಗಿತ್ತು.

ಗಿರಿಜಾ ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಹೊಸದಾಗಿ ಬೈಸಿಕೊಂಡವರ ಗಾಬರಿಯೂ ಇರಲಿಲ್ಲ. ಆಗ ನನಗೆ ತಿಳಿಯಿತು. ಈ ಮಾತನ್ನು ಅವಳು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಾಳೆ. ಮಳೆಗಾಲದಿಂದ ಅವಳು ಹೊಲಿಗೆ ಮಷಿನ್ ಮುಟ್ಟಿರಲಿಲ್ಲ. ಕಣ್ಣಿನ ತೊಂದರೆ ಇರಬೇಕು ಅಂದುಕೊಂಡಿದ್ದೆ. (ಅಂದುಕೊಂಡಿದ್ದೆ ಅಷ್ಟೇ, ಕೇಳಿರಲಿಲ್ಲ.) ಖಾಲಿ ಇದೆಯಲ್ಲ ಎಂದು ಅದರ ಮೇಲೆ ನನ್ನ ಪೇಪರು, ಪುಸ್ತಕ ಪೇರಿಸಿದ್ದೆ.

ಸುಮಾ ಒಳಗಿನಿಂದ ಬಂದಳು. ಕೈ ಚಾಚಿದಳು. ಬ್ಯಾಗು ಕೊಟ್ಟೆ.

ಕುಂಚಿಗೆ ತೆಗೆದು ತೊಡೆಯ ಮೇಲೆ ಹರಡಿಕೊಂಡಳು. ಅದನ್ನು ಅವಳು ಕೈಯಾರೆ ಹಿಡಿದದ್ದು ಅದೇ ಮೊದಲು. ಅದರ ತುಂಬ ಪುಟಾಣಿಯ ಕೂದಲು, ತೊಯ್ದ ನಾಯಿಯ ವಾಸನೆ. ಒಂದೊಂದೇ ಕೂದಲನ್ನು ಎರಡು ಬೆರಳಲ್ಲಿ ಹಿಡಿದು ತೆಗೆಯತೊಡಗಿದಳು. ನನ್ನನ್ನು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

‘ಯಾವಾಗ ಹೊಲದೆಕ್ಕಾ?’

‘ನೀ ಐದು ತಿಂಗಳ ಬಸರಿದ್ದಾಗ’ ಎಂದಳು ಗಿರಿಜಾ. ದನಿ ಕೇಳಿಸಲೇ ಇಲ್ಲ ಅನ್ನುವಷ್ಟು ಸಣ್ಣಗಿತ್ತು. ‘ತಪ್ಪಾತವ್ವಾ.’

ಸುಮಾ ತಲೆ ಎತ್ತಿ ತಾಯಿಯ ಕಡೆ ನೋಡಿದಳು. ‘ಅವ್ವಾ, ನಾನೂ ಒಂದು ಟೊಪ್ಪಿಗಿ ಹೊಲದಿದ್ದೆ. ಕುಲಾಯಿ. ಹಾಸಿಗಿ ಬುಡಕ ಇಟ್ಟಿದ್ದೆ. ಹಂಗಾರ ನನ್ನ ಕೂಸಿನ್ನ ನಾನೂ ತಿಂದೆನೇನು?’

ಅತ್ತೆ ‘ಹುಚ್ಚೀ, ಹಂಗ್ಯಾಕ ಅಂತೀ’ ಎಂದು ಕುಸಿದು ಕೂತರು. ಸೆರಗು ಬಾಯಿಗೆ ಹೋಯಿತು. ಗಿರಿಜಾ ತಂಗಿಯ ಪಕ್ಕ ಬಂದು ಕೂತು ತಾನೂ ಕೂದಲು ಆರಿಸತೊಡಗಿದಳು. ಸುಮಾ ಕುಲಾಯಿ ಹೊಲಿದದ್ದು ನಿಜವೋ, ಅಕ್ಕನನ್ನು ಉಳಿಸಲು ಆಡಿದ ಮಾತೋ ನನಗೆ ಗೊತ್ತಿಲ್ಲ. ಅವಳು ಅದನ್ನು ತಂದು ತೋರಿಸಲಿಲ್ಲ, ಯಾರೂ ಕೇಳಲೂ ಇಲ್ಲ. ಬಸ್ಸಿನುದ್ದಕ್ಕೂ ಉಜ್ಜಿದ ನನ್ನ ಸುಳ್ಳು ನೆನಪಾಗಿ ನಾಚಿಕೆಯಾಯಿತು.

ಆಮೇಲೆ ಸುಮಾ ನನ್ನ ಕಡೆ ತಿರುಗಿದಳು.

‘ಭಾಳ ಮಂದಿ ನಕ್ಕರೇನ್ರೀ ಮಾಮಾ?’

ವ್ಯಂಗ್ಯವಿರಲಿಲ್ಲ. ನಿಜಕ್ಕೂ ತಿಳಿಯಬೇಕು ಅನ್ನುವಂತೆ ಕೇಳಿದಳು. ಇಷ್ಟು ವರ್ಷ ಇದೇ ಜಾಗದಲ್ಲಿ ನಿಮ್ಮನ್ನು ನಗಿಸಿದ್ದೇನೆಂದು ಬೀಗಿದವನು ನಾನು. ನೆಲ ನೋಡಿದೆ.

ಹೊರಡುವ ಮುಂಚೆ, ಇದನ್ನು ಬರೆಯಲೇ ಎಂದು ಸುಮಾಳನ್ನು ಅಳುಕುತ್ತಲೇ ಕೇಳಿದೆ. (ಕೇಳುವ ಬುದ್ಧಿ ತಡವಾಗಿ ಬಂತು, ನೋಡಿ.) ‘ಬರೀರಿ. ಆದ್ರ ನಗಸಬ್ಯಾಡ್ರಿ’ ಅಂದಳು. ಮೊದಲ ಪ್ಯಾರಾಗಳಲ್ಲಿ ನೀವು ನಕ್ಕಿದ್ದರೆ ಆ ತಪ್ಪೂ ನನ್ನದೇ. ಚಟ ಬಿಡುವುದು ಅಷ್ಟು ಸುಲಭವಲ್ಲ.

ಕುಂಚಿಗೆ ಮಸ್ಕಿಯಲ್ಲೇ ಉಳಿಯಿತು. ಸುಮಾ ಅದನ್ನು ಒಗೆದು ಪಡಸಾಲೆಯ ಹಗ್ಗದ ಮೇಲೆ ಹಾಕಿದ್ದಳು, ಎಲ್ಲರಿಗೂ ಕಾಣುವ ಹಾಗೆ. ಅತ್ತೆ ಅದರ ಕೆಳಗೇ ಓಡಾಡಿದರು.

ಹಾಗಾದರೆ ನಾಯಿಗೆ ಕೋಟು ಬೇಕಾ? ಪುಟಾಣಿಯಂಥದಕ್ಕೆ ಬೇಕು. ಈಗ ನನ್ನ ಹಳೇ ಸ್ವೆಟರಿನ ತೋಳು ಕತ್ತರಿಸಿ ಹಾಕಿದ್ದೇನೆ. ಅಂದಗೇಡಿಯಾಗಿದೆ, ಬೆಚ್ಚಗಿದೆ. ನಾಯಿ ನಡುಗಿದ್ದು ಕಂಡು ಊರೆಲ್ಲ ತಿರುಗಿದೆನಲ್ಲ, ಅದು ತಪ್ಪಲ್ಲ. ನಡುಗುತ್ತಿದ್ದುದು ನಾಯಿಯೊಂದೇ ಎಂದುಕೊಂಡೆನಲ್ಲ, ಅದಕ್ಕೇನು ಹೇಳುವುದು?

ಅವತ್ತು ಸಂಜೆ ಇಬ್ಬರೂ ಸಿಂಧನೂರು ಬಸ್ಸಿನಲ್ಲಿ ವಾಪಸಾದೆವು. ಕಿಟಕಿಯ ಗಾಜು ಮುಚ್ಚುತ್ತಿರಲಿಲ್ಲ. ಜಿನುಗು ಮಳೆ ಒಳಗೆ ಬರುತ್ತಿತ್ತು. ಗಿರಿಜಾ ಸೆರಗು ಬಿಗಿಯಾಗಿ ಹೊದ್ದು, ಕೈ ಕಟ್ಟಿಕೊಂಡು ಹೊರಗೆ ನೋಡುತ್ತಿದ್ದಳು. ಭುಜ ಸಣ್ಣಗೆ ನಡುಗುತ್ತಿತ್ತು.

‘ಥಂಡಿ ಹತ್ಯಾದೇನು?’ ಅಂದೆ.

ಅವಳು ಕಿಟಕಿಯಿಂದ ಮುಖ ತಿರುಗಿಸದೆ ಅಂದಳು: ‘ಈಗ ಕಂಡಿತೇನ್ರಿ?’